ಅಪ್ಪನ ಮಾತು ಕೊಟ್ಟಿದ್ದು ಯಾರು?

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಮಾಡದಕೆರೆ, ಹೊಸದುರ್ಗ ತಾಲ್ಲೂಕು. ಬೆಳಿಗ್ಗೆ ಕಟ್ಟೆ ಮೇಲೆ ಕೂತು ಕಾಫಿ ಕುಡೀತಾ ಮೊಬೈಲ್ ನೋಡ್ತಿದ್ದೆ. ಅಕ್ಕನ ಮಗಳು ಪುಸ್ತಕ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತಳು. ಈ ವರ್ಷ ಎಸ್ಸೆಸ್ಸೆಲ್ಸಿ.

“ಮಾಮ, ನಾವು ಕೋತಿಯಿಂದ ಬಂದಿದ್ದು ನಿಜಾನಾ? ಹಂಗಾದ್ರೆ ನಮಗೆ ಮಾತ್ರ ಇಷ್ಟು ಬುದ್ಧಿ ಯಾರು ಕೊಟ್ರು?”

ನಾನು ಬಾಯಿ ತೆಗೆಯೋ ಮೊದಲೇ ಒಳಗಿಂದ ಅವ್ವನ ಉತ್ತರ ಬಂತು: “ಇನ್ಯಾರು ಕೊಡ್ತಾರೆ? ಮೇಲಿರೋನು. ನಿಮ್ಮ ತಾತನ ಮಾತು ವಾಪಸ್ ಕೊಟ್ಟಿಲ್ವಾ ಅವನು?”

ಎದುರಿಗೆ ಕೂತಿದ್ದ ಅಪ್ಪ ನಕ್ಕರು. ನಿಧಾನಕ್ಕೆ, ಒಂದೊಂದೇ ಅಕ್ಷರ ಹೆಕ್ಕಿ ತೆಗೆದ ಹಾಗೆ, “ಹೌ…ದು” ಅಂದರು.

ಆ “ಹೌದು” ನಮ್ಮ ಮನೆಗೆ ಎಷ್ಟು ದುಬಾರಿ ಅಂತ ಹೇಳದೆ ಮುಂದಿನ ಮಾತು ಅರ್ಥ ಆಗೋದಿಲ್ಲ.

2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತಲ್ಲ, ಅದರ ಮುಂದಿನ ವರ್ಷದ ಮಾತು. ಒಂದು ಬೆಳಿಗ್ಗೆ ತೋಟಕ್ಕೆ ಹೊರಟ ಅಪ್ಪ ಹೊಸ್ತಿಲ ಹತ್ತಿರ ಕುಸಿದು ಕೂತರು. ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಏಳ್ತಿರಲಿಲ್ಲ. ಏನು ಕೇಳಿದರೂ “ಅದು… ಅದು…” ಅಷ್ಟೇ. ನೆರೆಯವರು ಗಾಳಿ ಸೋಕಿದೆ ಅಂದರು. ಅವ್ವ ಗಾಬರಿಯಲ್ಲಿ ಮೊದಲು ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ದಾರ ಕಟ್ಟಿಸಿದಳು. ನನಗೆ ಫೋನ್ ಬಂದದ್ದು ಆಮೇಲೆ. ಆಸ್ಪತ್ರೆ ಮುಟ್ಟೋ ಹೊತ್ತಿಗೆ, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡಬಹುದಾದ ನಾಲ್ಕೂವರೆ ಗಂಟೆ ದಾಟಿ ಹೋಗಿತ್ತು.

ಆ ದಿನ ದೇವರ ಮೇಲೆ ಬಂದ ಸಿಟ್ಟು ನನಗೆ ಬಹಳ ದಿನ ಇಳೀಲಿಲ್ಲ. ಅವ್ವನ ಜೊತೆ ಸರಿಯಾಗಿ ಮಾತೂ ಆಡ್ಲಿಲ್ಲ.

ಡಾಕ್ಟರು ಸ್ಕ್ಯಾನ್ ತೋರಿಸಿ, ಎಡ ಮಿದುಳಿನ ಮುಂಭಾಗದಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ ಅಂದರು. ರೂಮಿಗೆ ಬಂದು ಹುಡುಕಿ ಓದಿದೆ. 1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ಅನ್ನೋ ವೈದ್ಯರ ಹತ್ತಿರ ಒಬ್ಬ ರೋಗಿ ಬಂದಿದ್ದ. ಏನು ಕೇಳಿದರೂ “ಟ್ಯಾನ್” ಅನ್ನೋ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ಮಿದುಳು ನೋಡಿದರೆ ಇದೇ ಜಾಗ ಹಾಳಾಗಿತ್ತು. ಅವನ “ಟ್ಯಾನ್”, ನಮ್ಮಪ್ಪನ “ಅದು”. ಬುದ್ಧಿ ಅನ್ನೋದು ಆಕಾಶದಿಂದ ಇಳಿದ ಒಂದೇ ಗಂಟಲ್ಲ, ಮಿದುಳಿನ ಬೇರೆ ಬೇರೆ ಭಾಗ ಸೇರಿ ಮಾಡೋ ಕೆಲಸ ಅಂತ ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ಅಪ್ಪನಿಂದ.

ಈಗ ಹುಡುಗಿಯ ಪ್ರಶ್ನೆಗೆ ಬರ್ತೀನಿ. ಅವಳನ್ನು ಕೇಳಿ ಏನು ತಪ್ಪು? 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಪಾಠದಿಂದ ವಿಕಾಸವನ್ನೇ ತೆಗೆದು, ಅನುವಂಶೀಯತೆ ಮಾತ್ರ ಉಳಿಸಿತು. ವಿಕಾಸ ಬೇಕಾದರೆ ಹನ್ನೆರಡನೇ ತರಗತಿಯ ಜೀವಶಾಸ್ತ್ರದವರೆಗೂ ಕಾಯಬೇಕು. ಕಾಮರ್ಸ್ ತಗೊಳ್ಳೋ ಮಕ್ಕಳಿಗೆ ಅದೂ ಇಲ್ಲ.

ನಾವು ಇವತ್ತಿನ ಕೋತಿಯಿಂದ ಬಂದಿಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಬ್ಬರೇ ಪೂರ್ವಜರಿದ್ದರು. ದಾಯಾದಿಗಳು ಅನ್ನಿ. ಚಿಂಪಾಂಜಿ ಮಿದುಳು ಸುಮಾರು 400 ಮಿಲಿಲೀಟರ್, ನಮ್ಮದು ಅದರ ಮೂರು ಪಟ್ಟಿಗೂ ಹೆಚ್ಚು. ದೇಹದ ತೂಕದಲ್ಲಿ ಶೇ 2ರಷ್ಟಿರೋ ಈ ಅಂಗ ನಾವು ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಶೇ 20ರಷ್ಟು ತಿಂದು ಹಾಕುತ್ತೆ. ಇಷ್ಟು ಖರ್ಚಿನ ಸಾಮಾನನ್ನು ಪ್ರಕೃತಿ ಯಾಕೆ ಉಳಿಸಿಕೊಳ್ತು?

ಇದೇ ಪ್ರಶ್ನೆಯಲ್ಲಿ ಇಬ್ಬರು ದೊಡ್ಡ ಗೆಳೆಯರು ಬೇರೆ ಬೇರೆ ದಾರಿ ಹಿಡಿದರು. ನೈಸರ್ಗಿಕ ಆಯ್ಕೆಯ ಸಿದ್ಧಾಂತವನ್ನು ಡಾರ್ವಿನ್ ಒಬ್ಬರೇ ಕಂಡದ್ದಲ್ಲ, ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಕೂಡ ಸ್ವಂತವಾಗಿ ಕಂಡಿದ್ದರು. 1858ರಲ್ಲಿ ಇಬ್ಬರ ಬರಹಗಳನ್ನೂ ಲಂಡನ್ನಿನಲ್ಲಿ ಒಟ್ಟಿಗೆ ಓದಲಾಯಿತು. ಆದರೆ 1869ರಲ್ಲಿ ವ್ಯಾಲೇಸ್ ತಿರುಗಿಬಿದ್ದರು. ಕಾಡಲ್ಲಿ ಬದುಕೋ ಮನುಷ್ಯನಿಗೆ ಬೇಕಾದ್ದಕ್ಕಿಂತ ಎಷ್ಟೋ ದೊಡ್ಡ ಮಿದುಳಿದೆ, ಗಣಿತ ಸಂಗೀತ ಎಲ್ಲ ಉಳಿವಿಗೆ ಬೇಕಿಲ್ಲ, ಹಾಗಾಗಿ ಇದರ ಹಿಂದೆ ಯಾವುದೋ ಉನ್ನತ ಶಕ್ತಿಯ ಕೈಯಿದೆ ಅನ್ನೋದು ಅವರ ವಾದ. ಅದನ್ನು ಓದ್ತಿದ್ದ ಡಾರ್ವಿನ್ ಪುಟದ ಅಂಚಿನಲ್ಲಿ “ಇಲ್ಲ” ಅಂತ ಬರೆದು ಅಡಿಗೆರೆ ಮೇಲೆ ಅಡಿಗೆರೆ ಎಳೆದರಂತೆ.

ವ್ಯಾಲೇಸ್ ವಾದವನ್ನು ನಗಾಡಿ ತಳ್ಳಿಹಾಕೋ ಹಾಗಿಲ್ಲ. ಬೆಂಗಳೂರಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಲ್ಲಿ ಗುಣಿಸಿ ಹೇಳಿದರು. ಹುಲಿಯಿಂದ ತಪ್ಪಿಸಿಕೊಳ್ಳೋಕೆ 13 ಅಂಕಿಯ ಗುಣಾಕಾರ ಯಾಕೆ ಬೇಕು ಹೇಳಿ?

ಉತ್ತರದ ಒಂದು ಎಳೆ ನೀವು ಈಗ ಮಾಡ್ತಿರೋ ಕೆಲಸದಲ್ಲೇ ಇದೆ: ಓದು. ಜಗತ್ತಿನಲ್ಲಿ ಬರವಣಿಗೆಗೆ ಸುಮಾರು 5,000 ವರ್ಷ ವಯಸ್ಸು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿರೋ ಅಶೋಕನ ಶಾಸನಕ್ಕೆ ಸುಮಾರು 2,250. ಓದೋಕೆ ಅಂತಲೇ ಮಿದುಳಲ್ಲಿ ಹೊಸ ಭಾಗ ವಿಕಾಸವಾಗೋಕೆ ಇಷ್ಟು ಕಾಲ ಸಾಲದು. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನ ಹೆಬ್ಬೆಟ್ಟಿನವರು, ಆದರೆ ಅವರ ಮೊಮ್ಮಕ್ಕಳು ಕೋಡ್ ಬರೀತಿದ್ದಾರೆ. ಮಿದುಳು ಬದಲಾಗಿಲ್ಲ, ಶಾಲೆ ಬಂತು. ಮುಖ, ವಸ್ತುಗಳ ಆಕಾರ ಗುರುತಿಸೋಕೆ ಬೆಳೆದ ಮಿದುಳಿನ ಭಾಗಗಳೇ ಅಕ್ಷರಕ್ಕೂ ಒದಗಿದವು ಅಂತ ಫ್ರಾನ್ಸಿನ ನರವಿಜ್ಞಾನಿ ಸ್ತಾನಿಸ್ಲಾ ದೆಹೆನ್ ವಿವರಿಸ್ತಾರೆ. ಒಂದಕ್ಕೆ ಅಂತ ಬೆಳೆದದ್ದು ಇನ್ನೊಂದಕ್ಕೆ ಒದಗುತ್ತೆ. ತೆಂಗಿನ ಗರಿ ಮರಕ್ಕೆ ಬಿಸಿಲು ಹಿಡಿಯೋಕೆ ಬೆಳೆದದ್ದು. ನಾವು ಅದರಲ್ಲಿ ಚಪ್ಪರ ಹಾಕ್ತೀವಿ, ಪೊರಕೆ ಕಟ್ತೀವಿ.

ಇನ್ನೊಂದು ಎಳೆ ಕಲಿಸೋದು. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಆದಿಮಾನವರ ಕಲ್ಲಿನ ಆಯುಧಗಳ ಕಾರ್ಯಾಗಾರವನ್ನೇ ಅಗೆದು ತೆಗೆಯಿತು. ಸುಮಾರು 12 ಲಕ್ಷ ವರ್ಷ ಹಳೆಯದು. ಸರಿಯಾದ ಸುಣ್ಣಕಲ್ಲಿನ ಚಪ್ಪಡಿ ಆರಿಸಿ, ಸರಿಯಾದ ಜಾಗಕ್ಕೆ ಹೊಡೆದು ಕೊಡಲಿ ಮಾಡೋದು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯೋ ವಿದ್ಯೆ. ಕಲಿತದ್ದು ಮುಂದಿನವರಿಗೆ ದಾಟುತ್ತೆ, ಅವರು ಅದಕ್ಕೆ ಒಂಚೂರು ಸೇರಿಸ್ತಾರೆ. ಚೆನ್ನಾಗಿ ಕಲಿಯೋ ಮಿದುಳಿಗೆ ಆಗ ಬೆಲೆ ಬರುತ್ತೆ. ಹಾಗಾಗಿ “ವಿಕಾಸ ಒಂದೇ ಸಾಕಾ?” ಅಂದರೆ ನನ್ನ ಉತ್ತರ ಇದು: ವಿಕಾಸ ಮಿದುಳು ಕೊಟ್ಟಿತು. ಅದರಲ್ಲಿ ತುಂಬಿರೋದರಲ್ಲಿ ಬಹುಪಾಲು ಒಬ್ಬರಿಗೊಬ್ಬರು ಕೊಟ್ಟಿದ್ದು.

ಎಲ್ಲ ಬಗೆಹರೀತು ಅಂತ ನಾನು ಹೇಳ್ತಿಲ್ಲ. ನರಕೋಶಗಳ ಮಿಂಚು “ನಾನು” ಅನ್ನೋ ಅನುಭವ ಆಗೋದು ಹೇಗೆ ಅನ್ನೋದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಗೊತ್ತಿಲ್ಲದ ಜಾಗದಲ್ಲೆಲ್ಲ ದೇವರನ್ನು ಕೂರಿಸಿದರೆ, ಗೊತ್ತಾದ ದಿನ ಅವನನ್ನು ಎಬ್ಬಿಸಬೇಕಾಗುತ್ತೆ. ದೇವರಿಗೂ ಅದು ಮರ್ಯಾದೆಯಲ್ಲ.

ಇನ್ನು ನಂಬಿಕೆ. ಹುಲ್ಲು ಅಲ್ಲಾಡಿದರೆ “ಯಾರೋ ಇದ್ದಾರೆ” ಅಂತ ಓಡಿದವನು ಬದುಕಿದ, “ಗಾಳಿ ಇರಬೇಕು” ಅಂತ ಕೂತವನಲ್ಲಿ ಕೆಲವರು ಹುಲಿ ಬಾಯಿಗೆ ಹೋದರು. ಹಾಗಾಗಿ ಎಲ್ಲದರ ಹಿಂದೆ “ಯಾರೋ” ಇದ್ದಾರೆ ಅನ್ನಿಸೋದು ನಮ್ಮ ಮಿದುಳಿನ ಹಳೇ ಅಭ್ಯಾಸ ಅಂತ ಕೆಲವು ಮನೋವಿಜ್ಞಾನಿಗಳು ಹೇಳ್ತಾರೆ. ಕೆರೆ ಕೋಡಿ ಬಿದ್ದಾಗ ಮಳೆ ಜಾಸ್ತಿಯಾಯ್ತು ಅಂತ ನಾನಂದೆ, ಕಣಿವೆ ಮಾರಮ್ಮ ತುಂಬಿಸಿದಳು ಅಂತ ಅವ್ವ ಅಂದಳು. ಆದರೆ ಇಲ್ಲಿ ನಾವೂ ಹುಷಾರಾಗಿರಬೇಕು. ಕಣ್ಣು ಹೇಗೆ ವಿಕಾಸವಾಯ್ತು ಅಂತ ಗೊತ್ತಾದರೆ ಬೆಳಕು ಸುಳ್ಳಾಗೋದಿಲ್ಲ. ಹಾಗಂತ ಕತ್ತಲಲ್ಲಿ ಕಂಡ ಹಗ್ಗ ಹಾವೂ ಆಗೋದಿಲ್ಲ. ನಂಬಿಕೆ ಹೇಗೆ ಹುಟ್ಟಿತು ಅಂತ ವಿಕಾಸ ಹೇಳಬಲ್ಲದು. ದೇವರಿದ್ದಾನಾ ಇಲ್ವಾ ಅನ್ನೋದು ಅದರಿಂದ ತೀರ್ಮಾನವಾಗೋದಿಲ್ಲ.

ನಾನು ನಂಬೋನಲ್ಲ. ಆದರೂ ಅಪ್ಪನ ಕತೆಯ ಉಳಿದರ್ಧ ಹೇಳಬೇಕು.

ಮಾತು ಕಲಿಸೋ ಥೆರಪಿಸ್ಟ್ ಒಂದು ದಿನ, “ಇವರಿಗೆ ಯಾವುದಾದ್ರೂ ಹಾಡು ಬರುತ್ತಾ?” ಅಂತ ಕೇಳಿದರು. ಎಡ ಮಿದುಳಿಗೆ ಪೆಟ್ಟಾಗಿ ಮಾತು ಹೋದ ಎಷ್ಟೋ ಜನ ಹಾಡಬಲ್ಲರಂತೆ, ರಾಗಕ್ಕೆ ಬಲ ಮಿದುಳಿನ ಆಸರೆ ಹೆಚ್ಚು. ಅಪ್ಪ ನಲವತ್ತು ವರ್ಷ ಶ್ರಾವಣದ ಭಜನೆಯಲ್ಲಿ ತಾಳ ಹಾಕಿದವರು. ಅವ್ವ ಪಕ್ಕದಲ್ಲಿ ಕೂತು ಶುರು ಮಾಡಿದಳು. ಎರಡನೇ ಸಾಲಿಗೆ ಅಪ್ಪನ ಬಾಯಿಂದ ಪೂರ್ತಿ ಪದಗಳು ಬಂದವು. ಎರಡು ತಿಂಗಳಿಂದ “ಅದು” ಬಿಟ್ಟು ಬೇರೆ ಕೇಳದ ನಾವು ಮೂರೂ ಜನ ಅತ್ತೆವು. ಆಮೇಲೆ ಒಂದು ವರ್ಷ ದಿನಾ ಸಂಜೆ ಅವ್ವ ಅವರನ್ನು ಹಾಡಿಸಿದಳು. ಹಾಡಿನ ಪದದಿಂದ ಮಾತಿನ ಪದಕ್ಕೆ ಒಂದೊಂದೇ ಹೆಜ್ಜೆ.

ದೇವಸ್ಥಾನಕ್ಕೆ ಹೋದ ಆ ಗಂಟೆಗಳು ಅಪ್ಪನ ಬಲಗೈ ಕಸಿದಿರಬಹುದು. ಅದೇ ದೇವಸ್ಥಾನದ ಭಜನೆ ಮಾತು ತಂದಿತು. ನನ್ನ ಲೆಕ್ಕದಲ್ಲಿ ಎರಡನ್ನೂ ಬರೀಬೇಕು. ಒಂದನ್ನು ಮಾತ್ರ ಬರೆದರೆ ಅಪ್ರಾಮಾಣಿಕತೆ.

ಡಾರ್ವಿನ್ ನಂಬಿಕೆ ಕಳಕೊಂಡವರು, ಹೆಂಡತಿ ಎಮ್ಮಾ ದೈವಭಕ್ತೆ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಆ ದುಃಖವನ್ನು ಇಬ್ಬರೂ ಹೊತ್ತರು. ಮದುವೆಯಾದ 1839ರಿಂದ ಡಾರ್ವಿನ್ ಸಾಯೋವರೆಗೆ 43 ವರ್ಷ ಒಟ್ಟಿಗೇ ಬಾಳಿದರು. ಮನೆಯೊಳಗಿನ ಭಿನ್ನಾಭಿಪ್ರಾಯವನ್ನು ಅವರಿಂದ ಕಲೀಬೇಕು.

ಹುಡುಗಿಗೆ ಇದನ್ನೆಲ್ಲ ಸಣ್ಣದಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ತಾತಂಗೆ ಮಾತು ಕೊಟ್ಟಿದ್ದು ಅಜ್ಜಿ” ಅಂದಳು.

ಅವ್ವ ಒಳಗಿಂದ ಬಂದು, “ನನ್ನ ಕೈಲಿ ಮಾಡ್ಸಿದ್ದು ಅವನೇ ಕಣೇ” ಅಂತ ಕಾಫಿ ಲೋಟ ಎತ್ಕೊಂಡು ಹೋದಳು.

ನಾನು ವಾದ ಮಾಡಲಿಲ್ಲ. ಆದರೆ ಒಂದು ಕೆಲಸ ಮಾಡಿದೆ. ದೇವರ ಗೂಡಿನ ಪಕ್ಕದ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಬಾಯಿ ವಾಲಿದರೆ, ಕೈ ಏಳದಿದ್ದರೆ, ಮಾತು ತೊದಲಿದರೆ ತಕ್ಷಣ 108. ಅವ್ವ ಅದನ್ನು ಓದಿ, ಕೆಳಗೆ ಕುಂಕುಮದ ಬೊಟ್ಟಿಟ್ಟಳು. “ದೇವರಿಗೆ ಆಮೇಲೆ ಹೇಳ್ಕೊಂಡ್ರಾಯ್ತು, ಅವನೇನು ಓಡಿ ಹೋಗಲ್ಲ” ಅಂದಳು.

ನಿಮ್ಮ ಮನೆಯ ಗೋಡೆಯಲ್ಲೂ ಇವತ್ತೇ ಬರೆದು ಹಾಕಿ.