ಒಂಟಿ ಓದು ಸಾಕೆ?

‘ಮನೆಯಲ್ಲೇ ಬೈಬಲ್ ಓದಿದರೆ ಸಾಕು, ಚರ್ಚಿನ ಹಂಗೇಕೆ’ ಎಂಬ ವಾದದ ಲೇಖನ ಓದಿದೆ. ಲೇಖಕರ ಕೈಯಲ್ಲಿರುವ ಪುಸ್ತಕವೇ ಅವರಿಗೆ ಅಡ್ಡ ನಿಲ್ಲುತ್ತದೆ. ಪೌಲನ ಪತ್ರಗಳಲ್ಲಿ ಬಹುಪಾಲು ಸಭೆಗಳಿಗೆ ಬರೆದವು, ಕೂಡಿದವರೆದುರು ಗಟ್ಟಿಯಾಗಿ ಓದಿಸಿದವು. ‘ಅಪೊಸ್ತಲರ ಕೃತ್ಯಗಳು’ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ. ಅರ್ಥ ಬಿಡಿಸಲು ಫಿಲಿಪ್ಪ ಪಕ್ಕಕ್ಕೆ ಬಂದು ಕೂರಬೇಕಾಯಿತು. ಕನ್ನಡ ಬೈಬಲ್ಲೂ ಒಂಟಿ ದುಡಿಮೆಯದಲ್ಲ: ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ತಿದ್ದಿ ತೀಡಿ 1831ರ ಹೊತ್ತಿಗೆ ಮುಗಿಸಿದ್ದು.

ಚರ್ಚಿನೊಳಗಿನ ಗುಂಪುಗಾರಿಕೆ, ಜಾತಿಯ ಲೆಕ್ಕಾಚಾರದ ಬಗ್ಗೆ ಲೇಖಕರ ಬೇಸರ ಸುಳ್ಳಲ್ಲ. ಆಷಾಢದ ಮಳೆಯಲ್ಲಿ ಸೀತೂರಿನಲ್ಲಿ ಬಸ್ಸು ತಪ್ಪಿದ ಭಾನುವಾರ ನಾನೂ ಒಲೆಯ ಪಕ್ಕ ಕೂತು ಓದಿದ್ದೇನೆ. ಅದು ತಪ್ಪಲ್ಲ. ಆದರೆ ರೊಟ್ಟಿ ಮುರಿದು ಹಂಚಲು ಎದುರಿಗೊಬ್ಬರು ಬೇಕು. ನಮ್ಮ ಕಡೆ ಗದ್ದೆ ನೆಟ್ಟಿಗೆ ಮುಯ್ಯಾಳು ಪದ್ಧತಿಯಿದೆ: ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ನಂಬಿಕೆಯೂ ಹಾಗೆಯೇ.

ನನ್ನ ತಪ್ಪನ್ನು ಪುಸ್ತಕ ತೋರಿಸಿದರೆ ಪುಟ ಮಗುಚಿಬಿಡಬಲ್ಲೆ. ಪಕ್ಕದ ಬೆಂಚಿನವರನ್ನು ಮಗುಚಲಾದೀತೇ?

— ಒಬ್ಬ ಓದುಗ, ಸೀತೂರು