ಹಿತ್ತಲಿನ ಹೊಂಡವೂ ಹೆಣ್ಣುಮಕ್ಕಳ ವಿದ್ಯೆಯೂ

ವಿದ್ಯೆಯು ಪುಸ್ತಕದಿಂದ ಮಾತ್ರವೇ ದೊರೆಯುವುದೆಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಪರ್ವತ ಪ್ರಸಂಗದಲ್ಲಿ ನಮ್ಮ ಕರ್ತನು ಜನರ ದೃಷ್ಟಿಯನ್ನು ಆಕಾಶದ ಹಕ್ಕಿಗಳ ಕಡೆಗೂ ಹೊಲದ ಹೂಗಳ ಕಡೆಗೂ ತಿರುಗಿಸಿದನು. ನೋಡುವುದೂ ಒಂದು ವಿದ್ಯೆಯೆಂಬುದಕ್ಕೆ ಬೇರೆ ಪ್ರಮಾಣವು ಬೇಕಿಲ್ಲ. ಈ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕಲಿಸಲು ಹಿತ್ತಲಿನಲ್ಲಿ ಒಂದು ಸಣ್ಣ ಹೊಂಡವಿದ್ದರೆ ಸಾಕೆಂಬುದು ನನ್ನ ಅಭಿಪ್ರಾಯ.

ಆಳಂದ ತಾಲ್ಲೂಕಿನ ಸರಸಂಬಾದಂಥ ಊರುಗಳಲ್ಲಿ ಹುಡುಗನು ಹಳ್ಳದ ದಂಡೆ, ಹೊಲದ ಬದು ಎಲ್ಲವನ್ನೂ ಸುತ್ತಿ ಬರುವನು. ಏಕೆಂದು ಯಾರೂ ಕೇಳರು. ಹುಡುಗಿಯು ಎಂಟನೆಯ ತರಗತಿಗೆ ಬಂದಳೆಂದರೆ ಅವಳ ತಿರುಗಾಟವು ಶಾಲೆಗೂ ಮನೆಗೂ ನಡುವಣ ದಾರಿಯಲ್ಲಿಯೇ ಮುಗಿಯುವುದು. ತಾಯ್ತಂದೆಗಳ ಕಳವಳವನ್ನು ನಾನು ಹಳಿಯುವುದಿಲ್ಲ. ಆದರೆ ಅವಳು ಅಡವಿಗೆ ಹೋಗಬಾರದಾದರೆ ಅಡವಿಯೇ ಅವಳಲ್ಲಿಗೆ ಬರಲಿ. ನೀರಿದ್ದಲ್ಲಿಗೆ ಅದು ಬಂದೇ ಬರುವುದು.

ನಮ್ಮದು ಮಳೆ ಕಡಮೆಯ ಕರಿನೆಲದ ಸೀಮೆ. ಬೇಸಗೆಯಲ್ಲಿ ಉಷ್ಣವು 40 ಡಿಗ್ರಿಯನ್ನು ಮೀರಿ ಹಳ್ಳಗಳು ಬತ್ತಿದಾಗ ಗುಬ್ಬಿ, ಗೊರವಂಕ, ಬೆಳವಗಳು ಹಿತ್ತಲಿನ ನೀರನ್ನೇ ಹುಡುಕಿಕೊಂಡು ಬರುವವು. ದಂಡೆಯಲ್ಲಿ ಮಣ್ಣಿನ ಬಣ್ಣ ತಳೆದು ಅಲುಗದೆ ನಿಂತ ಕೊಳದ ಬಕವು ಹಾರಿತೆಂದರೆ ರೆಕ್ಕೆಗಳು ಅಚ್ಚಬಿಳುಪಾಗಿ ಮಿಂಚುವುವು. ಮುಂಗಾರಿನ ಮೊದಲ ಮಳೆಗೆ ದೊಡ್ಡ ಗಂಡುಕಪ್ಪೆಯು ಅರಿಸಿನ ಬಳಿದಂತೆ ಹಳದಿಯಾಗಿ, ನೀಲಿಯ ಗಂಟಲಚೀಲವನ್ನು ಉಬ್ಬಿಸಿ ಕೂಗುವುದು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೊಡತಿಕೀಟವು ನೀರಿನ ಮೇಲೆ ಸುಳಿಯುವುದು. ಅವುಗಳಲ್ಲೊಂದು ಜಾತಿಯು ಭಾರತದಿಂದ ಮಾಲ್ದೀವ್ ದ್ವೀಪಗಳ ಮೇಲಾಗಿ ಸಮುದ್ರವನ್ನು ದಾಟಿ ಆಫ್ರಿಕಾಕ್ಕೆ ಸಾಗುವುದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿಯು 2009ರಲ್ಲಿ ತಿಳಿಸಿದನು. ಹಿತ್ತಲು ಎಷ್ಟು ಚಿಕ್ಕದೆಂದು ಇನ್ನು ಯಾರು ಹೇಳಬಲ್ಲರು?

ಸೊಳ್ಳೆಗಳಾಗುವುವೆಂದು ಹಿರಿಯರು ಆಕ್ಷೇಪಿಸುವರು. ಈ ಮಾತು ಹಗುರವಾದುದಲ್ಲ. ಸೊಳ್ಳೆಯ ದೇಹದಲ್ಲಿ ಮಲೇರಿಯಾದ ಜೀವಾಣುವನ್ನು ರೊನಾಲ್ಡ್ ರಾಸ್ ಕಂಡುಹಿಡಿದುದು 1897ರಲ್ಲಿ, ಸಿಕಂದರಾಬಾದಿನಲ್ಲಿಯೇ. ಆದರೆ ಮೀನು ಮತ್ತು ಕೊಡತಿಕೀಟದ ಮರಿಗಳು ಬದುಕಿರುವ ಹೊಂಡದಲ್ಲಿ ಸೊಳ್ಳೆಯ ಮರಿಗಳು ಅವುಗಳಿಗೆ ಆಹಾರವಾಗುವುವು. ನಮ್ಮ ಹಳ್ಳದ ಸಣ್ಣ ಮೀನುಗಳೇ ಇದಕ್ಕೆ ಸಾಕು. ಹೊರನಾಡಿನಿಂದ ತಂದ ಗಾಂಬೂಸಿಯಾ ಮೀನು ಕಪ್ಪೆಯ ಮರಿಗಳನ್ನೂ ತಿನ್ನುವುದು. ಹೊಂಡವನ್ನು ತೋಡಲಾರದವರು ದನದ ಕಲ್ಲುಬಾನಿಯನ್ನೋ ಅಗಲವಾದ ಮಣ್ಣಿನ ಪಾತ್ರೆಯನ್ನೋ ಇಟ್ಟು, ವಾರಕ್ಕೆರಡು ಬಾರಿ ತಿಕ್ಕಿ ತೊಳೆದು ನೀರನ್ನು ಬದಲಿಸಲಿ. ಹಾವಿನ ಭಯವೂ ಉಂಟು. ನೀರುಹಾವಿಗೆ ವಿಷವಿಲ್ಲ, ಆದರೂ ಗುರುತರಿಯದ ಯಾವ ಹಾವನ್ನೂ ಸಮೀಪಿಸಬಾರದೆಂದೂ, ಕತ್ತಲೆಯಲ್ಲಿ ದೀಪವಿಲ್ಲದೆ ಹಿತ್ತಲಿಗೆ ಕಾಲಿಡಬಾರದೆಂದೂ ಮಕ್ಕಳಿಗೆ ಕಲಿಸಬೇಕು. ಕೂಸುಗಳಿರುವ ಮನೆಯಲ್ಲಿ ಹೊಂಡಕ್ಕೆ ಬೇಲಿಯು ಅವಶ್ಯ.

ಇದರಿಂದ ಬರುವ ಲಾಭವೇನೆಂದು ಕೇಳುವವರಿಗೆ ಒಂದು ದೃಷ್ಟಾಂತವನ್ನು ಹೇಳುವೆನು. ಜಮಾಲ್ ಆರಾ ಎಂಬ ಮಹಿಳೆಯು ಛೋಟಾ ನಾಗಪುರ ಸೀಮೆಯ ಹಕ್ಕಿಗಳನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟಳು. ಹಕ್ಕಿಗಳನ್ನು ನೋಡುವುದರ ಕುರಿತು ಮಕ್ಕಳಿಗಾಗಿ ಅವಳು ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಈಗ ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಲಿನ ಹಕ್ಕಿಗಳ ಎಣಿಕೆಯು ನಡೆಯುತ್ತಿದೆ. 2013ರಿಂದ ಭಾರತವೂ ಅದರಲ್ಲಿ ಸೇರಿದೆ. ಹದಿನೈದು ನಿಮಿಷ ಕುಳಿತು ನೋಡಿ ಎಣಿಸಿ ಬರೆದರೆ ಸಾಕು. ಸರಸಂಬಾದ ಹುಡುಗಿಯ ಎಣಿಕೆಗೂ ಲಂಡನ್ನಿನ ಪಂಡಿತನ ಎಣಿಕೆಗೂ ಅಲ್ಲಿ ಭೇದವಿಲ್ಲ.

ಆದುದರಿಂದ ತಾಯ್ತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮಗಳು ನೀರಿನ ಬಳಿ ಸುಮ್ಮನೆ ಕುಳಿತಿರುವುದನ್ನು ಕಂಡು ಕೆಲಸಗೇಡಿಯೆಂದು ಕರೆಯಬೇಡಿರಿ. ಆ ಅರ್ಧ ಗಳಿಗೆಯನ್ನು ಅವಳಿಗೆ ಬಿಟ್ಟುಕೊಡಿರಿ. ಒಂದು ನೋಟುಪುಸ್ತಕವನ್ನೂ ಕೊಡಿಸಿರಿ. ಹಿಂದಿನ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮ ಅಜ್ಜಿಯರು ಹಕ್ಕಿಗಳನ್ನು ಕರೆಯುತ್ತಿದ್ದ ಹೆಸರುಗಳನ್ನು ಆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಡಿರಿ. ನೋಡಲು ಕಲಿತವಳು ಕೇಳಲು ಕಲಿಯುವಳು, ಪ್ರಶ್ನಿಸಲೂ ಕಲಿಯುವಳು. ನಮ್ಮ ಶಾಲೆಯು ಅವಳಿಂದ ಬಯಸುವುದೂ ಅದನ್ನೇ ಅಲ್ಲವೇ?