ತೇರಿಗೆ ದಾರಿ ಬಿಡುವ ಬೀದಿ, ನಡೆಯುವವರಿಗೇಕಿಲ್ಲ?

ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಾಗಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ತೇರಾಗಲಿ, ಎಳೆಯುವ ಹೊತ್ತಿನಲ್ಲಿ ಆ ಬೀದಿಗೆ ಲಾರಿ ಬಿಡಬೇಕೆಂದು ಯಾರೂ ವಾದಿಸುವುದಿಲ್ಲ. ವಾಹನ ಬಾರದೆ ವ್ಯಾಪಾರ ಕೆಟ್ಟಿತೆಂಬ ದೂರೂ ಅಂದು ಕೇಳಿಬರುವುದಿಲ್ಲ. ಉಳಿದ ದಿನಗಳಲ್ಲಿ ಮಾತ್ರ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸರೂ ಶಾಲೆಯ ಮಕ್ಕಳೂ ಮೆಕ್ಕೆಜೋಳದ ಲಾರಿಗೂ ಚರಂಡಿಗೂ ನಡುವೆ ಉಳಿದ ಗೇಣಗಲದ ಜಾಗದಲ್ಲಿ ನಡೆಯಬೇಕು.

ಇದಕ್ಕೆ ಪರಿಹಾರವೆಂದು ಮುಂದಿಡುವುದು ರಸ್ತೆ ಅಗಲೀಕರಣವೊಂದನ್ನೇ. ಅದರ ಮೊದಲ ಬಲಿ ಸಾಲುಮರ, ಎರಡನೆಯದು ಬೀದಿಬದಿಯ ವ್ಯಾಪಾರಿ. ಅಗಲವಾದ ಜಾಗವನ್ನು ನಿಂತ ಕಾರುಗಳು ಬಹುಬೇಗ ತುಂಬುತ್ತವೆ. ಮೊದಲ ಗೇರಿನಲ್ಲಿ ತೆವಳುವ, ನಿಂತಲ್ಲೇ ಉರಿಯುವ ಎಂಜಿನ್ನು ಕಿಲೋಮೀಟರಿಗೆ ಹೆಚ್ಚು ಹೊಗೆ ಉಗುಳುತ್ತದೆ. ಆ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಧೂಳಂತೂ ನೇರವಾಗಿ ಮಾರಾಟದ ಸೊಪ್ಪಿನ ಮೇಲೆಯೇ ಕೂರುತ್ತದೆ.

ಬೇರೆ ದಾರಿಯನ್ನು ಬೆಂಗಳೂರೇ ಒಮ್ಮೆ ಪರೀಕ್ಷಿಸಿತ್ತು. 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ಪಾದಚಾರಿಗಳಿಗಷ್ಟೇ ಬಿಡಲಾಯಿತು. ಪ್ರಯೋಗ ಮುಗಿಯಿತು, ವಾಹನಗಳು ಮರಳಿದವು. ನಮ್ಮದೇ ಪಶ್ಚಿಮಘಟ್ಟದ ಸಾಲಿನಲ್ಲಿರುವ ಮಹಾರಾಷ್ಟ್ರದ ಮಾಥೆರಾನ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಕಾರುಗಳು ಊರ ಹೊರಗೆ ದಸ್ತೂರಿಯಲ್ಲಿಯೇ ನಿಲ್ಲಬೇಕು. ಆದರೆ ಆ ಊರನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ: ವಾಹನವಿಲ್ಲದ ಅದರ ಚೆಲುವಿನ ಭಾರವನ್ನು ಬಹುಕಾಲ ಹೊತ್ತದ್ದು ಮನುಷ್ಯರೇ ಎಳೆಯುವ ರಿಕ್ಷಾ. ಅದನ್ನು ಆರು ತಿಂಗಳೊಳಗೆ ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಆದೇಶಿಸಬೇಕಾಯಿತು.

ಆದ್ದರಿಂದ ನಮ್ಮ ಪೇಟೆಗಳಿಗೆ ಬೇಕಾದದ್ದು ಪ್ರವಾಸಿಗರ ಅಲಂಕಾರದ ಬೀದಿಯಲ್ಲ. ಸಂತೆಯ ದಿನ ಕೆಲವು ಗಂಟೆಗಳ ಕಾಲ ಪೇಟೆಬೀದಿಯನ್ನು ನಡೆಯುವವರಿಗೆ ಬಿಟ್ಟರೆ ಸಾಕು. ಸರಕಿನ ಲಾರಿಗಳು ಬೆಳಗಿನ ಜಾವವೇ ಇಳಿಸಿ ಹೋಗಲಿ. ಆಂಬುಲೆನ್ಸಿಗೆ, ನಡೆಯಲಾಗದವರನ್ನು ಕರೆತರುವ ಆಟೋಗೆ ದಾರಿ ಇರಲಿ. ತಳ್ಳುಗಾಡಿಗಳನ್ನು ಎತ್ತಂಗಡಿ ಮಾಡುವ ನೆಪ ಮಾತ್ರ ಇದಾಗಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ.

ಕಾನೂನಿನ ತೊಡಕೆಂಬ ಮಾತೂ ನಿಲ್ಲುವುದಿಲ್ಲ. ಸುರಕ್ಷಿತ ಪಾದಚಾರಿ ಮಾರ್ಗ ಸಂವಿಧಾನದ 21ನೆಯ ವಿಧಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ 115ನೆಯ ಕಲಮಿನಡಿ ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ನಿರ್ದಿಷ್ಟ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಬಹುದು. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ. ಊರಿನಲ್ಲಿ ಸಾರಿದರೆ ಸಾಕು. ಒಂದು ತಿಂಗಳೆಂದರೆ ನಾಲ್ಕು ಸಂತೆ.